ವಾರಂಟಿ ಉಂಟು, ಗಾಡಿ ಮಾತ್ರ ಇಲ್ಲ



ಪ್ರತಿ ಸಲ ನಾವು ಅಡುಗೆಮನೆಯಲ್ಲಿ ಕುಳಿತು ಮಾತಾಡುತ್ತೇವೆ. ಈ ಸಲ ಸ್ವಲ್ಪ ಹೊರಗೆ, ಅಂಗಳದ ಬದಿಯಲ್ಲಿ ಗಾಡಿ ನಿಲ್ಲಿಸುವ ಮಾಡಿನ ಕೆಳಗೆ ಬನ್ನಿ. ಗಾಡಿಯ ವಿಷಯ ಗಂಡಸರದ್ದು, ನಮಗೆ ಎಂತಕ್ಕೆ ಎಂದು ಪುಟ ತಿರುಗಿಸಬೇಡಿ. ಈಗ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಯಾವ ಮನೆಗೆ ಹೋದರೂ ಜಗಲಿಯ ಪಕ್ಕದಲ್ಲಿ ಒಂದು ಸ್ಕೂಟರ್ ಕಾಣುತ್ತದೆ. ಅದರಲ್ಲಿ ಮಗುವನ್ನು ಶಾಲೆಗೆ ಬಿಡುವವಳು, ಡೈರಿಗೆ ಹಾಲು ಕೊಂಡುಹೋಗುವವಳು, ಪೇಟೆಯಿಂದ ರೇಷನ್ ತರುವವಳು ಹೆಚ್ಚಾಗಿ ಮನೆಯ ಹೆಂಗಸೇ. ಹಾಗಿರುವಾಗ ಅದು ಕೆಟ್ಟು ನಿಂತರೆ ಮೊದಲು ತೊಂದರೆಯಾಗುವುದೂ ಅವಳಿಗೇ ಅಲ್ಲವೇ?

ಕೆಟ್ಟ ಗಾಡಿಯನ್ನು ರಿಪೇರಿ ಮಾಡಿಸಬಹುದು. ಆದರೆ ‘ವಾರಂಟಿ ಉಂಟು, ಫ್ರೀಯಾಗಿ ಮಾಡಿ ಕೊಡುತ್ತೇವೆ’ ಎಂದು ಹೇಳಿ ವಾರಗಟ್ಟಲೆ ವರ್ಕ್‌ಶಾಪಿನಲ್ಲಿ ನಿಲ್ಲಿಸಿಕೊಂಡರೆ ಏನು ಮಾಡುವುದು? ನಮ್ಮ ಮನೆಯಲ್ಲಿ ಇದನ್ನು 43 ದಿನ ಅನುಭವಿಸಿದ್ದೇವೆ. ಅದರಲ್ಲಿ ನಾನು ಮಾಡಿದ ತಪ್ಪುಗಳೂ ಉಂಟು. ಮುಚ್ಚಿಡದೆ ಹೇಳುತ್ತೇನೆ, ನಿಮಗೆ ಉಪಯೋಗವಾದೀತು.

ನಮ್ಮದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಸಿದ್ಧಕಟ್ಟೆಯ ಹತ್ತಿರ ಮನೆ. ಮುಖ್ಯ ರಸ್ತೆಯಿಂದ ಒಂದೂವರೆ ಕಿಲೋಮೀಟರು ಒಳಗೆ. ಸೊಸೆ ಮೂಡುಬಿದಿರೆಯಲ್ಲಿ ಒಂದು ಕಡೆ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುತ್ತಾಳೆ. ಮಗ ಇರುವುದು ಮುಂಬಯಿಯಲ್ಲಿ. ಸೊಸೆ ತನ್ನ ಸಂಬಳದ ಮೇಲೆ ಸಾಲ ಮಾಡಿ, ತನ್ನದೇ ಹೆಸರಿನಲ್ಲಿ ಹೊಸ ಸ್ಕೂಟರ್ ತೆಗೆದುಕೊಂಡಳು. ಅವಳ ಹೆಸರಿನಲ್ಲಿ ಬಂದ ಮೊದಲನೆಯ ವಸ್ತು ಅದು. ತಿಂಗಳಿಗೆ 3,400 ರೂಪಾಯಿ ಕಂತು. ಆಯುಧ ಪೂಜೆಯ ದಿನ ಅವಳು ಅದಕ್ಕೆ ಸೇವಂತಿಗೆ ಮಾಲೆ ಹಾಕಿ ದೂರ ನಿಂತು ನೋಡಿದ್ದನ್ನು ನಾನು ಮರೆಯಲಾರೆ.

2025ರ ಜೂನ್ 9, ಸೋಮವಾರ. ಜಡಿಮಳೆ. ಏರಿನಲ್ಲಿ ಗಾಡಿ ನಿಂತುಬಿಟ್ಟಿತು, ಎಷ್ಟು ಸ್ಟಾರ್ಟ್ ಮಾಡಿದರೂ ಸುದ್ದಿ ಇಲ್ಲ. ಊರಿನ ಗ್ಯಾರೇಜಿನ ಹುಡುಗ ಬಂದು ನೋಡಿ, “ಅಕ್ಕ, ಇದು ನನ್ನ ಕೈಯಲ್ಲಿ ಆಗುವುದಲ್ಲ. ನಾನು ಬಿಚ್ಚಿದರೆ ನಿಮ್ಮ ವಾರಂಟಿ ಹೋಗ್ತದೆ. ಕಂಪೆನಿಯ ವರ್ಕ್‌ಶಾಪಿಗೇ ಕೊಡಿ” ಎಂದ. ಪ್ರಾಮಾಣಿಕ ಹುಡುಗ. ಮರುದಿನ ನಮ್ಮವರು ಒಂದು ಪಿಕಪ್ಪಿನಲ್ಲಿ ಹಾಕಿಸಿಕೊಂಡು ಮಂಗಳೂರಿಗೆ ಕೊಟ್ಟು ಬಂದರು. ಗಾಡಿಗೆ ಆಗ ಹದಿನಾಲ್ಕು ತಿಂಗಳು, ವಾರಂಟಿ ಎರಡು ವರ್ಷದ್ದು. ಆದ್ದರಿಂದ ನಮಗೆ ಚಿಂತೆಯೇ ಇರಲಿಲ್ಲ.

“ಪಾರ್ಟ್ ಬರ್ಲಿಕ್ಕುಂಟು, ನಾಲ್ಕು ದಿನ” ಎಂದರು. ನಾಲ್ಕು ದಿನ ಕಳೆದು ಫೋನ್ ಮಾಡಿದರೆ, “ಶನಿವಾರ ಬರ್ತದೆ”. ಶನಿವಾರ ಕೇಳಿದರೆ, “ಮುಂದಿನ ಲೋಡಿನಲ್ಲಿ”. ಸೊಸೆ 18ನೇ ತಾರೀಕು ರಜೆ ಹಾಕಿ ಹೋದಳು. 30ಕ್ಕೆ ಪುನಃ ಹೋದಳು. ಗಾಡಿ ಹಿತ್ತಿಲಿನ ಶೆಡ್ಡಿನಲ್ಲಿ ಧೂಳು ತುಂಬಿಕೊಂಡು ನಿಂತಿತ್ತಂತೆ, ಅದರ ಮೇಲೆ ಯಾರದೋ ರೈನ್‌ಕೋಟು ಒಣಗಲು ಹಾಕಿದ್ದರಂತೆ. ಅದನ್ನು ಹೇಳುವಾಗ ಅವಳ ಸ್ವರ ಸಣ್ಣಗಾಯಿತು.

ಈ ನಡುವೆ ದಿನಾ ಬೆಳಿಗ್ಗೆ ಕೊಡೆ ಹಿಡಿದು ಒಂದೂವರೆ ಕಿಲೋಮೀಟರು ನಡಿಗೆ, ಮತ್ತೆ ಬಸ್ಸು. ನಮ್ಮ ಜಿಲ್ಲೆಯಲ್ಲಿ ಹೆಚ್ಚಿನವು ಖಾಸಗಿ ಬಸ್ಸುಗಳು. 2023ರಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ, ಆದ್ದರಿಂದ ಟಿಕೇಟು ಕೊಡಲೇಬೇಕು. ಎರಡು ಸಲ ತಡವಾಗಿ ಹೋಗಿ ಕೆಲಸದಲ್ಲಿ ಮಾತು ಕೇಳಿಸಿಕೊಂಡಳು. ಜೂನ್ 30ರ ರಾತ್ರಿ ಊಟಕ್ಕೆ ಬಡಿಸುವಾಗ, “ಅತ್ತೆ, ನಾನು ಕೆಲಸ ಬಿಡುತ್ತೇನೆ. ಮಗುವಿಗೂ ಸರಿಯಾಗುವುದಿಲ್ಲ, ನನಗೂ ಸಾಕಾಯ್ತು” ಎಂದಳು.

ನಿಜ ಹೇಳಬೇಕೆಂದರೆ, ‘ಆಯ್ತು, ಬಿಡು ಮಗಾ’ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಗೂ ಮನೆಯಲ್ಲಿ ಕೆಲಸಕ್ಕೆ ಜನವಾಗುತ್ತದೆ ಎಂಬ ಸ್ವಾರ್ಥವೂ ಅದರೊಳಗೆ ಇತ್ತೆಂದು ಈಗ ಅನಿಸುತ್ತದೆ. ಅಷ್ಟರಲ್ಲಿ ನಮ್ಮವರು, “ಹಾಳಾದ ಒಂದು ಪಾರ್ಟಿಗೋಸ್ಕರ ಕೆಲಸ ಬಿಡುವುದೆ? ಆಮೇಲೆ ಕಂತು ಯಾರು ಕಟ್ಟುವುದು?” ಎಂದರು. ಹೌದಲ್ಲ! ಗಾಡಿ ಕೆಟ್ಟದ್ದು ನಮ್ಮ ತಪ್ಪಲ್ಲ, ಪಾರ್ಟ್ ಬಾರದ್ದೂ ನಮ್ಮ ತಪ್ಪಲ್ಲ. ಹಾಗಿರುವಾಗ ಕೆಲಸ ಕಳೆದುಕೊಳ್ಳುವವಳು ಮಾತ್ರ ಇವಳೇಕೆ? ಆ ರಾತ್ರಿ ನಾನು ಹಾಲಿನ ಲೆಕ್ಕದ ಪುಸ್ತಕ ತೆಗೆದು, ಅದರ ಹಿಂದಿನ ಹಾಳೆಯಲ್ಲಿ ತಾರೀಕು ಹಾಕಿ ಬರೆಯತೊಡಗಿದೆ.

ತಡವಾಗುವುದು ಎಲ್ಲಿ?

ಜಗಳಕ್ಕೆ ಮೊದಲು ಇದನ್ನು ತಿಳಿದುಕೊಳ್ಳಿ. ನನಗೆ ತಿಳಿಯದೆ ಒಂದು ತಪ್ಪು ಮಾಡಿದ್ದೆ. ಫೋನಿನಲ್ಲಿ ಆ ಕೌಂಟರಿನ ಹುಡುಗಿಯನ್ನು ಬಾಯಿಗೆ ಬಂದಂತೆ ಬೈದಿದ್ದೆ. ಪಾಪ, ಅವಳೂ ಯಾರದೋ ಮನೆಯ ಮಗಳು. ಪಾರ್ಟನ್ನು ಅವಳು ತಯಾರಿಸುವುದಲ್ಲವಲ್ಲ.

ನಾವು ಹಣ ಕೊಟ್ಟದ್ದು ಡೀಲರನಿಗೆ. ಆದರೆ ವಾರಂಟಿಯ ಮಾತು ಕೊಟ್ಟವನು ಗಾಡಿ ತಯಾರಿಸಿದ ಕಂಪೆನಿ. ಡೀಲರನ ವರ್ಕ್‌ಶಾಪು ದೋಷ ಏನೆಂದು ನೋಡಿ, ಫೋಟೋ ತೆಗೆದು, ಕಂಪೆನಿಗೆ ಕಳಿಸಬೇಕು. ಕಂಪೆನಿ ‘ಇದು ವಾರಂಟಿಯೊಳಗೆ ಬರುತ್ತದೆ’ ಎಂದು ಒಪ್ಪಬೇಕು. ಆಮೇಲೆ ಬಿಡಿಭಾಗ ಗೋದಾಮಿನಿಂದ ಬರಬೇಕು. ಡೀಲರ್ ಕೇಳಿದ್ದು ತಡವೋ, ಕಂಪೆನಿ ಒಪ್ಪಿದ್ದು ತಡವೋ, ಗೋದಾಮಿನಲ್ಲಿ ಮಾಲೇ ಇಲ್ಲವೋ ಎಂಬುದು ನಮಗೆ ಗೊತ್ತಾಗುವುದಿಲ್ಲ. ‘ಪಾರ್ಟ್ ಬರಬೇಕು’ ಎಂಬ ಒಂದೇ ಮಾತಿನಲ್ಲಿ ಮೂರೂ ಮುಚ್ಚಿಹೋಗುತ್ತವೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಯೇ ಬೇರೆ: “ಪಾರ್ಟಿಗೆ ಆರ್ಡರ್ ಹಾಕಿದ ತಾರೀಕು ಯಾವುದು? ಆರ್ಡರ್ ನಂಬರ್ ಎಷ್ಟು? ಕಂಪೆನಿ ವಾರಂಟಿ ಒಪ್ಪಿ ಆಯಿತೇ?”

ಸೊಸೆ ಇದನ್ನು ಕೇಳಿದಾಗ ತಿಳಿದದ್ದು ಏನು ಗೊತ್ತೇ? ಗಾಡಿ ಕೊಟ್ಟ ದಿನದಿಂದ ಹದಿನಾರು ದಿನ ಆರ್ಡರೇ ಹಾಕಿರಲಿಲ್ಲ!

ಇನ್ನೊಂದು ಕಾರಣವೂ ಉಂಟು. 2020ರ ಏಪ್ರಿಲಿನಿಂದ ಬಿ.ಎಸ್. 6 ಎಂಬ ಹೊಗೆಯ ಕಟ್ಟುನಿಟ್ಟಿನ ನಿಯಮ ಬಂತು. ಅಂದಿನಿಂದ ಸ್ಕೂಟರುಗಳಲ್ಲಿ ಹಳೆಯ ಕಾರ್ಬೊರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿದೆ. ಅದಕ್ಕೊಂದು ಮಿದುಳಿನಂಥ ಸಣ್ಣ ಪೆಟ್ಟಿಗೆ. ಅದು ಕೆಟ್ಟರೆ ಊರಿನ ಮೆಕ್ಯಾನಿಕ್ ಮೊದಲಿನಂತೆ ಜೆಟ್ ಊದಿ, ಪ್ಲಗ್ ಉಜ್ಜಿ ಸರಿ ಮಾಡುವಂತಿಲ್ಲ. ಕಂಪ್ಯೂಟರಿಗೆ ಜೋಡಿಸಿ ನೋಡಬೇಕು, ಪೆಟ್ಟಿಗೆಯನ್ನೇ ಬದಲಿಸಬೇಕು. ವಿದ್ಯುತ್ ಸ್ಕೂಟರಿನಲ್ಲಂತೂ ಇದು ಇನ್ನೂ ಹೆಚ್ಚು.

ಕೋಪದಿಂದ ಆಗುವುದೇನು?

2024ರ ಸೆಪ್ಟೆಂಬರಿನಲ್ಲಿ ನಮ್ಮ ಕಲಬುರಗಿಯಲ್ಲಿ ನಡೆದದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಹೊಸತಾಗಿ ಓಲಾ ವಿದ್ಯುತ್ ಸ್ಕೂಟರ್ ಕೊಂಡ ಒಬ್ಬ ಯುವಕ, ಸ್ವತಃ ಮೆಕ್ಯಾನಿಕ್, ಗಾಡಿ ಕೆಟ್ಟು ಶೋರೂಮಿಗೆ ಅಲೆದು ಸಾಕಾಗಿ, ಪೆಟ್ರೋಲ್ ಸುರಿದು ಶೋರೂಮಿಗೇ ಬೆಂಕಿ ಹಚ್ಚಿದ. ಹಲವು ಗಾಡಿಗಳು ಸುಟ್ಟುಹೋದವು. ಪೊಲೀಸರು ಅವನನ್ನು ಹಿಡಿದರು. ನ್ಯಾಯ ಕೇಳಲು ಹೋದವನು ತಾನೇ ಆರೋಪಿಯಾದ.

ಆದರೆ ಅದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ದೇಶದ ಬೇರೆ ಬೇರೆ ಊರಿನವರು ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸುತ್ತಿದ್ದರು. 2023ರ ಸೆಪ್ಟೆಂಬರಿನಿಂದ 2024ರ ಆಗಸ್ಟಿನವರೆಗೆ ಆ ಕಂಪೆನಿಯ ಮೇಲೆ 10,644 ದೂರುಗಳು ದಾಖಲಾದವು. ಅವುಗಳಲ್ಲಿ 3 ಸಾವಿರಕ್ಕೂ ಹೆಚ್ಚು ದೂರು ಸರ್ವಿಸ್ ತಡವಾದದ್ದರ ಬಗ್ಗೆಯೇ. ಅದನ್ನು ಆಧರಿಸಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಕಂಪೆನಿಗೆ ಕಾರಣ ಕೇಳಿ ನೋಟೀಸು ಕೊಟ್ಟಿತು. ಆ ದೂರುಗಳಲ್ಲಿ ಶೇಕಡಾ 99.1ರಷ್ಟನ್ನು ಪರಿಹರಿಸಿದ್ದೇವೆ ಎಂದು ಕಂಪೆನಿ ಉತ್ತರ ಕೊಟ್ಟಿತು. ಯಾರ ಮಾತು ಎಷ್ಟು ಸರಿ ಎಂಬುದು ಇರಲಿ. ಒಬ್ಬನ ಬೆಂಕಿಯಿಂದ ಆಗದ್ದು ಸಾವಿರಾರು ಜನರ ಬರಹದಿಂದ ಆಯಿತು, ಕಂಪೆನಿ ಉತ್ತರ ಹೇಳುವಂತಾಯಿತು. ಇದನ್ನು ನೆನಪಿಡಿ.

ಮೊದಲ ದಿನವೇ ಮಾಡಬೇಕಾದ್ದು

ಉಪ್ಪಿನಕಾಯಿ ಕೆಡುವುದು ಭರಣಿ ತೆರೆದ ದಿನವಲ್ಲ, ಹಾಕಿದ ದಿನ ಕೈ ಒದ್ದೆಯಿದ್ದರೆ ಅಂದೇ ಕೆಟ್ಟಿತು. ಇದೂ ಹಾಗೆಯೇ. ಗಾಡಿ ಒಪ್ಪಿಸುವ ದಿನ ಜಾಗ್ರತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಗಾಡಿ ಕೊಡುವಾಗ ಜಾಬ್ ಕಾರ್ಡ್ ಕೇಳಿ ಪಡೆಯಿರಿ. ‘ಮೊಬೈಲಿಗೆ ಮೆಸೇಜ್ ಬರ್ತದೆ’ ಎಂದರೆ, ಅದು ಬರುವವರೆಗೆ ಅಲ್ಲೇ ನಿಲ್ಲಿ. ಅದರಲ್ಲಿ ಗಾಡಿ ಕೊಟ್ಟ ತಾರೀಕು, ಎಷ್ಟು ಕಿಲೋಮೀಟರು ಓಡಿದೆ, ಏನು ತೊಂದರೆ, ಯಾವಾಗ ಕೊಡುತ್ತಾರೆ ಎಂಬ ನಾಲ್ಕು ಸಂಗತಿ ಇರಲೇಬೇಕು. ತೊಂದರೆಯನ್ನು ನೀವು ಹೇಳಿದ ಮಾತಿನಲ್ಲೇ ಬರೆಸಿ. ನಮ್ಮ ಗಾಡಿಯ ಕಾರ್ಡಿನಲ್ಲಿ ಬರೀ ‘ಜನರಲ್ ಚೆಕ್ಕಪ್’ ಎಂದು ಬರೆದಿದ್ದರು. ನಮ್ಮವರು ನೋಡದೆ ಸಹಿ ಹಾಕಿದ್ದರು. ಆಮೇಲೆ ಅದೇ ನಮಗೆ ಮುಳ್ಳಾಯಿತು.

ಗಾಡಿಯ ನಾಲ್ಕೂ ಬದಿಯ ಫೋಟೋ, ಮೀಟರಿನ ಫೋಟೋ ತೆಗೆದಿಡಿ. ಪೆಟ್ರೋಲ್ ಎಷ್ಟಿದೆ, ಟೂಲ್ಸ್ ಇದೆಯೇ ನೋಡಿ. ಮಾಡಿನ ಕೆಳಗೆ ನಿಲ್ಲಿಸಲು ಹೇಳಿ. ನಮ್ಮ ಕಡೆಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ, ಇಲಿ ವಯರು ಕಡಿಯುತ್ತದೆ.

ಕೊಂಡ ಬಿಲ್ಲು, ವಾರಂಟಿ ಪುಸ್ತಕ, ಸರ್ವಿಸಿನ ರಸೀತಿಗಳು ಎಲ್ಲವನ್ನೂ ಒಂದೇ ಚೀಲದಲ್ಲಿಡಿ. ವಾರಂಟಿ ಪುಸ್ತಕವನ್ನು ಒಮ್ಮೆ ಓದಿ. ಸಾಮಾನ್ಯವಾಗಿ ಸವೆದುಹೋಗುವ ಬ್ರೇಕ್ ಶೂ, ಕ್ಲಚ್, ಬಲ್ಬುಗಳು ಅದರಲ್ಲಿ ಸೇರುವುದಿಲ್ಲ. ಟಯರು, ಬ್ಯಾಟರಿಗೆ ಅವುಗಳನ್ನು ತಯಾರಿಸಿದವರದೇ ಬೇರೆ ವಾರಂಟಿ ಇರುತ್ತದೆ. ಸರ್ವಿಸನ್ನು ಹೇಳಿದ ಹೊತ್ತಿಗೆ ಮಾಡಿಸದಿದ್ದರೆ ಅದನ್ನೇ ನೆಪ ಮಾಡಿ ಇಲ್ಲವೆನ್ನಬಹುದು.

ಬಾಯಿಮಾತು ಬಿಡಿ, ಬರೆಯಿರಿ

ನಾವು ಹೆಂಗಸರು ಫೋನಿನಲ್ಲಿ ಗಂಟೆಗಟ್ಟಲೆ ಕೇಳುತ್ತೇವೆ, ಅಳುತ್ತೇವೆ, ಬೈಯುತ್ತೇವೆ. ಅದಕ್ಕೆ ಸಾಕ್ಷಿ ಇಲ್ಲ. ಜುಲೈ 1ರಂದು ಸೊಸೆ ಒಂದು ಪತ್ರ ಬರೆದಳು. ಒಂದೇ ಪುಟ. ಅದರ ಧಾಟಿ ಹೀಗಿತ್ತು:

“ಮಾನ್ಯರೇ, ನನ್ನ ಈ ನಂಬರಿನ ಸ್ಕೂಟರನ್ನು ಜೂನ್ 10ರಂದು ಈ ಜಾಬ್ ಕಾರ್ಡಿನ ಮೂಲಕ ನಿಮಗೆ ಒಪ್ಪಿಸಿದ್ದೇನೆ. ಗಾಡಿ ಸ್ಟಾರ್ಟ್ ಆಗುವುದಿಲ್ಲ. ಅದು ವಾರಂಟಿಯೊಳಗೆ ಇದೆ. ನಾಲ್ಕು ದಿನದಲ್ಲಿ ಕೊಡುವುದಾಗಿ ಹೇಳಿದ್ದಿರಿ. ಇಂದಿಗೆ 21 ದಿನಗಳಾದವು. ಬಿಡಿಭಾಗಕ್ಕೆ ಆರ್ಡರ್ ಹಾಕಿದ ತಾರೀಕು, ಅದು ಬರುವ ತಾರೀಕು ಲಿಖಿತವಾಗಿ ತಿಳಿಸಿರಿ. ಏಳು ದಿನಗಳೊಳಗೆ ಗಾಡಿ ದುರಸ್ತಿ ಮಾಡಿ ಕೊಡಿರಿ, ಇಲ್ಲವೇ ಅಲ್ಲಿಯವರೆಗೆ ಬದಲಿ ಗಾಡಿ ಕೊಡಿರಿ. ಗಾಡಿ ನಿಮ್ಮಲ್ಲಿದ್ದಷ್ಟು ದಿನ ವಾರಂಟಿಯನ್ನು ಮುಂದುವರಿಸಿರಿ. ಈವರೆಗೆ ಆದ ಖರ್ಚಿನ ಪಟ್ಟಿ ಲಗತ್ತಿಸಿದೆ.”

ನೋಡಿದಿರಾ, ಇದರಲ್ಲಿ ಒಂದೂ ಬೈಗಳಿಲ್ಲ. ಇರುವುದು ತಾರೀಕು, ಬೇಡಿಕೆ, ಗಡುವು ಮಾತ್ರ. ಇದರ ಒಂದು ಪ್ರತಿ ಡೀಲರಿಗೆ, ಒಂದು ಪ್ರತಿ ಕಂಪೆನಿಯ ಕಸ್ಟಮರ್ ಕೇರಿಗೆ. ಇ-ಮೇಲ್ ಇದ್ದರೆ ಅದಕ್ಕೂ ಕಳಿಸಿ, ಅಂಚೆಯಲ್ಲೂ ಕಳಿಸಿ. ಮೊದಲು ನಾವು ರಿಜಿಸ್ಟರ್ಡ್ ಪೋಸ್ಟ್ ಎನ್ನುತ್ತಿದ್ದೆವಲ್ಲ, ಅದು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಸ್ಪೀಡ್ ಪೋಸ್ಟ್ ಮಾಡಿ ರಸೀತಿಯನ್ನು ಆ ಚೀಲದಲ್ಲೇ ಇಡಿ.

ಏಳು ದಿನ ಕಳೆದರೂ ಡೀಲರಿನಿಂದ ಉತ್ತರವಿಲ್ಲ. ಜುಲೈ 9ರಂದು 1915ಕ್ಕೆ ಫೋನ್ ಮಾಡಿದೆವು. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆಗೆ ಹಣವಿಲ್ಲ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಅವರು ದೂರು ಬರೆದುಕೊಂಡು ಒಂದು ನಂಬರ್ ಕೊಟ್ಟರು, ದೂರನ್ನು ನೇರ ಕಂಪೆನಿಗೆ ಕಳಿಸಿದರು. ಸಹಾಯವಾಣಿಗೆ ಶಿಕ್ಷೆ ಕೊಡುವ ಅಧಿಕಾರವಿಲ್ಲ, ನಡುವೆ ನಿಂತು ಮಾತಾಡಿಸುತ್ತದೆ ಅಷ್ಟೆ. ಆದರೂ 12ನೇ ತಾರೀಕು ಕಂಪೆನಿಯಿಂದಲೇ ಸೊಸೆಗೆ ಫೋನ್ ಬಂತು. 19ಕ್ಕೆ ಪಾರ್ಟ್ ಬಂತು. ಜುಲೈ 22ರಂದು, ಆಟಿ ಅಮಾವಾಸ್ಯೆಗೆ ಎರಡು ದಿನ ಮೊದಲು, ಗಾಡಿ ಮನೆಗೆ ಬಂತು.

ತಕ್ಕಡಿಯ ಇನ್ನೊಂದು ಬದಿ

ಇನ್ನು ಲೆಕ್ಕ. ಆ 43 ದಿನಗಳಲ್ಲಿ ಸೊಸೆ ಬಸ್ಸಿನಲ್ಲಿ ಕೆಲಸಕ್ಕೆ ಹೋದದ್ದು 34 ದಿನ. ಪೆಟ್ರೋಲಿನ ಖರ್ಚು ಕಳೆದು ದಿನಕ್ಕೆ 50 ರೂಪಾಯಿ ಹೆಚ್ಚಾದರೆ 1,700. ಮಂಗಳೂರಿಗೆ ಹೋದ ಮೂರು ದಿನದ ಸಂಬಳ 600ರಂತೆ 1,800. ಮೂರು ಸಲದ ಪ್ರಯಾಣ 600. ಒಟ್ಟು 4,100 ರೂಪಾಯಿ. ಇದರ ಮೇಲೆ ಉಪಯೋಗಕ್ಕಿಲ್ಲದ ಗಾಡಿಗೆ ಕಟ್ಟಿದ ಎರಡು ಕಂತು 6,800 ಬೇರೆ.

‘ಗಾಡಿಯೇ ಇಲ್ಲ, ಕಂತು ಯಾಕೆ ಕಟ್ಟಬೇಕು’ ಎಂದು ಕೆಲವರು ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಲ ಕೊಟ್ಟ ಬ್ಯಾಂಕಿಗೂ ವರ್ಕ್‌ಶಾಪಿಗೂ ಸಂಬಂಧವಿಲ್ಲ. ದಂಡ ಬೀಳುತ್ತದೆ, ನಾಳೆ ಇನ್ನೊಂದು ಸಾಲ ಕೇಳಿದರೆ ಸಿಗುವುದಿಲ್ಲ. ಇನ್ಶೂರೆನ್ಸಿನ ತಾರೀಕನ್ನೂ ಮರೆಯಬಾರದು.

ಕಂಪೆನಿ ಎರಡು ತಿಂಗಳು ವಾರಂಟಿ ಮುಂದುವರಿಸಿ ಬರೆದುಕೊಟ್ಟಿತು, ಒಂದು ಸರ್ವಿಸ್ ಉಚಿತ ಎಂದಿತು. ಖರ್ಚಿನ ಹಣ ಮಾತ್ರ ಕೊಡಲಿಲ್ಲ. ನಾನು ಗ್ರಾಹಕ ಆಯೋಗಕ್ಕೆ ಹೋಗೋಣ ಎಂದೆ. ಸೊಸೆ, “ಬೇಡ ಅತ್ತೆ, ನನಗೆ ಗಾಡಿ ಸಿಕ್ಕಿತಲ್ಲ, ಸಾಕು” ಎಂದಳು. ನನಗೆ ಅದು ಅಷ್ಟು ಹಿಡಿಸಲಿಲ್ಲ. ಆದರೆ ಗಾಡಿ ಅವಳದ್ದು, ತೀರ್ಮಾನವೂ ಅವಳದ್ದೇ ಆಗಬೇಕು. ಕಾಗದಗಳ ಚೀಲವನ್ನು ಮಾತ್ರ ನಾನು ಗೋದ್ರೇಜಿನಲ್ಲಿ ಇಟ್ಟಿದ್ದೇನೆ. ಯಾಕೆಂದರೆ ದೂರು ಕೊಡಲು ಎರಡು ವರ್ಷದ ಅವಕಾಶ ಉಂಟು.

ಆಯೋಗಕ್ಕೆ ಹೋಗುವುದಾದರೆ

ನಮ್ಮ ದೇಶದಲ್ಲಿ ಗ್ರಾಹಕರಿಗೆಂದೇ ಕಾಯಿದೆ ಬಂದದ್ದು 1986ರಲ್ಲಿ. ಅದಕ್ಕಿಂತ ಮೊದಲು ಇಂಥ ದೂರಿಗೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ನಮ್ಮ ಕರಾವಳಿಗೆ ಈ ವಿಷಯ ಹೊಸತಲ್ಲ. ಉಡುಪಿಯಲ್ಲಿ ಡಾ. ರವೀಂದ್ರನಾಥ ಶಾನುಭಾಗರು ಬಳಕೆದಾರರ ವೇದಿಕೆಯ ಮೂಲಕ ಸಾಮಾನ್ಯರ ದೂರುಗಳನ್ನು ಹಿಡಿದು ವರ್ಷಗಟ್ಟಲೆ ದುಡಿದದ್ದನ್ನು ಹಿರಿಯ ಓದುಗರು ಬಲ್ಲರು. ಹಳೆಯ ಕಾಯಿದೆಯ ಜಾಗದಲ್ಲಿ ಈಗ 2019ರ ಗ್ರಾಹಕ ರಕ್ಷಣಾ ಕಾಯಿದೆ ಇದೆ, 2020ರ ಜುಲೈಯಿಂದ ಜಾರಿಯಲ್ಲಿದೆ. ಅದರಲ್ಲಿ ನಮಗೆ ಅನುಕೂಲವಾದ ಸಂಗತಿಗಳು ಇವು:

ನೀವು ಗಾಡಿ ಎಲ್ಲೇ ಕೊಂಡಿರಿ, ನಿಮ್ಮ ಮನೆ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರಿಗೆ ಮಂಗಳೂರಿನಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕ ಆಯೋಗ.

ವಸ್ತುವಿಗೆ ನೀವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. 5ರಿಂದ 10 ಲಕ್ಷದವರೆಗೆ 200 ರೂಪಾಯಿ, 10ರಿಂದ 20 ಲಕ್ಷದವರೆಗೆ 400. ಅಂದರೆ ಸ್ಕೂಟರಿಗೆ ಒಂದು ಪೈಸೆಯೂ ಬೇಡ. ಜಿಲ್ಲಾ ಆಯೋಗ 50 ಲಕ್ಷದವರೆಗಿನ ಖರೀದಿಯ ದೂರನ್ನು ನೋಡುತ್ತದೆ.

ವಕೀಲರು ಇರಲೇಬೇಕೆಂದಿಲ್ಲ, ನೀವೇ ವಾದಿಸಬಹುದು. 2025ರ ಜನವರಿ 1ರಂದು ಶುರುವಾದ ಇ-ಜಾಗೃತಿ ಎಂಬ ವ್ಯವಸ್ಥೆಯಲ್ಲಿ ಮನೆಯಿಂದಲೇ ದೂರು ಹಾಕಬಹುದು. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಲ್ಲಿ ಮಾಡಿಸಿ.

ದೂರಿನಲ್ಲಿ ಡೀಲರ್ ಮತ್ತು ಕಂಪೆನಿ ಇಬ್ಬರನ್ನೂ ಸೇರಿಸಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ‘ಅದು ಅವರ ತಪ್ಪು’ ಎಂದು ಕೈತೊಳೆದುಕೊಳ್ಳುತ್ತಾರೆ.

ಕೇಳುವಾಗ ಮಿತಿಯಲ್ಲಿ ಕೇಳಿ. ದುರಸ್ತಿ, ಬದಲಿ ವಸ್ತು, ಹಣ ವಾಪಸು, ನಷ್ಟಪರಿಹಾರ ಇವೆಲ್ಲವನ್ನೂ ಕೊಡಿಸುವ ಅಧಿಕಾರ ಆಯೋಗಕ್ಕಿದೆ. ಆದರೆ ಒಂದು ಭಾಗ ಕೆಟ್ಟ ಮಾತ್ರಕ್ಕೆ ಹೊಸ ಗಾಡಿಯೇ ಸಿಗುತ್ತದೆ ಎಂದು ತಿಳಿಯಬೇಡಿ. ಒಂದು ಕಾರಿನ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು, ವಾರಂಟಿಯಲ್ಲಿ ಕೆಟ್ಟ ಭಾಗವನ್ನು ಬದಲಿಸುತ್ತೇವೆ ಎಂದಿದ್ದರೆ ಅಷ್ಟೇ ಹೊಣೆ, ಇಡೀ ಕಾರನ್ನು ಬದಲಿಸಬೇಕೆಂದಿಲ್ಲ ಎಂದು ಹೇಳಿದೆ. ಆದರೂ ಆ ಗ್ರಾಹಕರಿಗೆ ಸ್ವಲ್ಪ ಹಣ ಕೊಡಿಸಿತು.

ನೋಟೀಸು ತಲಪಿ ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ದೂರು ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯಿದೆ ಹೇಳುತ್ತದೆ. ಅದಕ್ಕಿಂತ ಹೆಚ್ಚು ದಿನ ಹಿಡಿಯುವುದೂ ಉಂಟು. ಆದ್ದರಿಂದ ಪತ್ರ, ಸಹಾಯವಾಣಿ ಎರಡೂ ಆದಮೇಲೆ ಇದಕ್ಕೆ ಕೈ ಹಾಕಿ.

ಗಾಡಿ ವಾಪಸು ಪಡೆಯುವಾಗ

ಖುಷಿಯಲ್ಲಿ ಸಹಿ ಹಾಕಿ ಹೊರಟುಬಿಡಬೇಡಿ. ಅಲ್ಲೇ ಒಂದು ಸುತ್ತು ಓಡಿಸಿ ನೋಡಿ. ಯಾವ ಭಾಗ ಬದಲಿಸಿದರು, ಯಾವ ತಾರೀಕಿಗೆ, ಆ ಹೊಸ ಭಾಗಕ್ಕೆ ವಾರಂಟಿ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಹಳೆಯ ಫೋಟೋ ಜೊತೆ ಮೀಟರನ್ನು ಹೋಲಿಸಿ. ‘ಪೂರ್ಣ ತೃಪ್ತಿಯಾಗಿದೆ’ ಎಂಬ ಮುದ್ರೆಯ ಕೆಳಗೆ ಸಹಿ ಕೇಳಿದರೆ, ‘43 ದಿನ ತಡವಾಗಿ ಪಡೆದಿದ್ದೇನೆ’ ಎಂದು ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿ. ಸೊಸೆ ಹಾಗೆಯೇ ಮಾಡಿದಳು. ಕೌಂಟರಿನ ಹುಡುಗಿ ನಕ್ಕು, “ಪರವಾಗಿಲ್ಲ ಅಕ್ಕ, ಬರೀರಿ” ಎಂದಳಂತೆ. ನಾನು ಬೈದದ್ದು ಇದೇ ಹುಡುಗಿಯನ್ನು. ಸೊಸೆಯ ಕೈಯಲ್ಲಿ ಒಂದು ಡಬ್ಬಿ ಹಲಸಿನ ಕಾಯಿಯ ಚಿಪ್ಸ್ ಕಳಿಸಿದ್ದೆ, ತಪ್ಪಾಯಿತೆಂದು ಹೇಳಲು.

ನೀವು ಕೇಳಿದ್ದು

ಬೆಳ್ತಂಗಡಿಯ ಸೋದರಿಯೊಬ್ಬರು ಬರೆದಿದ್ದಾರೆ: “ನಮ್ಮವರು ಆಟೋ ಓಡಿಸುವುದು. ಹೊಸ ರಿಕ್ಷಾ ಇಪ್ಪತ್ತು ದಿನದಿಂದ ವರ್ಕ್‌ಶಾಪಿನಲ್ಲಿ. ಬಾಡಿಗೆಗೆ ಓಡಿಸುವ ಗಾಡಿಗೆ ಗ್ರಾಹಕ ಕಾಯಿದೆ ಇಲ್ಲ ಎನ್ನುತ್ತಾರೆ, ಹೌದೇ?” ಇಲ್ಲಮ್ಮ, ಹೆದರಬೇಡಿ. ವ್ಯಾಪಾರಕ್ಕೆಂದು ಕೊಂಡ ವಸ್ತುವಿಗೆ ಕಾಯಿದೆ ಇಲ್ಲ ಎಂಬುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೋಸ್ಕರವೇ ಕೊಂಡದ್ದಾದರೆ ಅದು ವ್ಯಾಪಾರವಲ್ಲ ಎಂದು ಕಾಯಿದೆಯಲ್ಲೇ ಬರೆದಿದೆ. ದಿನದ ಬಾಡಿಗೆ ಎಷ್ಟಾಗುತ್ತಿತ್ತು ಎಂಬ ಲೆಕ್ಕ ಇಡಲು ನಿಮ್ಮವರಿಗೆ ಹೇಳಿ. ನಷ್ಟ ಕೇಳುವಾಗ ಅದೇ ಆಧಾರ.

ಮೂಡುಬಿದಿರೆಯಿಂದ ಒಬ್ಬರು ಕೇಳಿದ್ದಾರೆ: “ವಯರು ಇಲಿ ಕಡಿದದ್ದು, ವಾರಂಟಿ ಬರುವುದಿಲ್ಲ ಎಂದರು. ಏನು ಮಾಡಲಿ?” ಅವರು ಹೇಳಿದ್ದು ಸರಿಯೇ. ವಾರಂಟಿ ಇರುವುದು ತಯಾರಿಯ ದೋಷಕ್ಕೆ, ಇಲಿಯ ಹಲ್ಲಿಗಲ್ಲ. ಆದರೆ ಗಾಡಿ ಅವರ ಶೆಡ್ಡಿನಲ್ಲಿದ್ದಾಗ ಕಡಿದದ್ದಾದರೆ ಆ ಮಾತು ಬೇರೆ. ಅದಕ್ಕೇ ಒಪ್ಪಿಸುವ ದಿನ ಫೋಟೋ ತೆಗೆಯಿರಿ ಎಂದದ್ದು.

ಬಂಟ್ವಾಳದ ಹೊಸ ಮದುಮಗಳೊಬ್ಬಳು: “ಗಾಡಿ ನನ್ನ ಹೆಸರಿನಲ್ಲಿ ಉಂಟು, ದೂರು ಮಾವನೇ ಕೊಡಬೇಕಾ?” ಬೇಡ ಮಗಳೇ. ಬಿಲ್ಲಿನಲ್ಲಿ ಯಾರ ಹೆಸರಿದೆಯೋ ಅವರೇ ಕೊಡುವುದು ಒಳ್ಳೆಯದು. ಮಾವನನ್ನು ಜೊತೆಗೆ ಕರೆದುಕೊಂಡು ಹೋಗು, ಅವರಿಗೂ ಸಂತೋಷ. ಸಹಿ ಮಾತ್ರ ನಿನ್ನದಿರಲಿ.

ಮೊನ್ನೆ ಸಂಜೆ ಜಗಲಿಯಲ್ಲಿ ಕುಳಿತು ಬೀಜ ಸುಲಿಯುತ್ತಿದ್ದೆ. ದೂರದಿಂದಲೇ ಸ್ಕೂಟರಿನ ಸದ್ದು ಕೇಳಿ ಮೊಮ್ಮಗು “ಅಮ್ಮ ಬಂದಳು” ಎಂದು ಓಡಿತು. ಆ ರಾತ್ರಿ ‘ಆಯ್ತು, ಬಿಡು’ ಎಂದು ಹೇಳಿಬಿಟ್ಟಿದ್ದರೆ ಈ ಸದ್ದು ನಮ್ಮ ಅಂಗಳದಲ್ಲಿ ಇರುತ್ತಿರಲಿಲ್ಲ. ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಗಾಡಿ, ಮಿಕ್ಸಿ, ಫ್ರಿಜ್, ಯಾವುದೇ ಇರಲಿ, ಅವುಗಳ ಬಿಲ್ಲು ಎಲ್ಲಿದೆ ಎಂದು ಹುಡುಕಿ ಒಂದು ಚೀಲಕ್ಕೆ ಹಾಕಿಡಿ. ಅರ್ಧ ಗಂಟೆಯ ಕೆಲಸ, ಒಲೆಯಲ್ಲಿ ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಮುಗಿಯುತ್ತದೆ.

ಮುಂದಿನ ಸಂಚಿಕೆಯಲ್ಲಿ ಪತ್ರೊಡೆಯ ಕೆಸುವಿನ ಎಲೆ ಬಾಯಿ ತುರಿಸದಂತೆ ಮಾಡುವ ಬಗೆ ಹೇಳುತ್ತೇನೆ. ಅಲ್ಲಿಯವರೆಗೆ ನಿಮ್ಮ ಪತ್ರಗಳು ಬರಲಿ.

ನಿಮ್ಮ ಅಕ್ಕ